ಕಡಲ ಪ್ರಶ್ನೆ: ತಳದ ನೀರಿನ ಹಳೆಯ ಲೆಕ್ಕ

ಪ್ರಶ್ನೆ: ಮೇಡಂ, ಮಲ್ಪೆಯಲ್ಲಿ ನಮ್ಮದೊಂದು ಪರ್ಸೀನ್ ಮೀನುಗಾರಿಕೆ ಬೋಟ್ ಇದೆ. ಮಳೆಗಾಲದ ರಜೆ ಮುಗಿದು ಆಗಸ್ಟ್‌ನಲ್ಲಿ ಕಡಲಿಗೆ ಇಳಿದರೆ ನೀರು ತಣ್ಣಗಿರುತ್ತದೆ. ‘ಅಡಿಯ ನೀರು ಮೇಲೆ ಬಂದಿದೆ’ ಎನ್ನುತ್ತಾರೆ ಅಪ್ಪ. ಟಿವಿಯಲ್ಲಿ ನೋಡಿದರೆ ಅಟ್ಲಾಂಟಿಕ್ ಸಾಗರದ ಆಳದ ಹರಿವು ನಿಲ್ಲಬಹುದು ಎಂಬ ಸುದ್ದಿ. ಎರಡೂ ಒಂದೇ ನೀರಾ? – ಓದುಗರು, ಮಲ್ಪೆ

ಉತ್ತರ: ನಿಮ್ಮ ಅಪ್ಪ ಹೇಳಿದ್ದು ಸರಿ. ಮಳೆಗಾಲದಲ್ಲಿ ಗಾಳಿ ಮತ್ತು ದಕ್ಷಿಣಕ್ಕೆ ಹರಿಯುವ ಪ್ರವಾಹದಿಂದಾಗಿ ಮೇಲಿನ ಬೆಚ್ಚಗಿನ ನೀರು ನಮ್ಮ ತೀರದಿಂದ ಆಚೆ ಸರಿಯುತ್ತದೆ. ಆ ಜಾಗಕ್ಕೆ ಕೆಳಗಿನ ತಣ್ಣೀರು ಏರುತ್ತದೆ. ಅದರಲ್ಲಿ ಪೋಷಕಾಂಶ ಜಾಸ್ತಿ, ಆಮ್ಲಜನಕ ಕಡಿಮೆ. ಬೂತಾಯಿ, ಬಂಗುಡೆಯ ಹೊಟ್ಟೆ ತುಂಬುವುದು ಈ ನೀರಿನಿಂದಲೇ.

ಆದರೆ ಇದು ಮೇಲಿನ ನೂರಿನ್ನೂರು ಮೀಟರಿನ ಒಳಗೇ ನಡೆಯುವ ಕೆಲಸ. ಮೂರು ಕಿಲೋಮೀಟರ್ ಕೆಳಗಿನ ನೀರು ಬೇರೆಯೇ. ಅದರ ಉಷ್ಣತೆ 2 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಷ್ಟು ತಣ್ಣಗಿನ ಭಾರದ ನೀರು ಅರಬ್ಬಿ ಸಮುದ್ರದಲ್ಲಿ ಹುಟ್ಟುವುದೇ ಇಲ್ಲ. ಉತ್ತರಕ್ಕೆ ಏಷ್ಯಾ ಅಡ್ಡ ನಿಂತಿದೆ. ಅದು ಅಂಟಾರ್ಕ್ಟಿಕಾದ ಕಡೆಯಿಂದ, ತಳ ಹಿಡಿದು, ನೂರಾರು ವರ್ಷ ತೆಗೆದುಕೊಂಡು ಬಂದ ನೀರು. ಟಿವಿಯವರು ಹೇಳುವುದು ಇಂಥ ನೀರಿನ ವಿಷಯ.

ಪ್ರಶ್ನೆ: ನಾನು ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಸಾವಿರಾರು ವರ್ಷಗಳ ಹಿಂದೆ ಕಡಲಿನ ಹರಿವು ಹೇಗಿತ್ತು ಎಂದು ಕಂಪ್ಯೂಟರ್ ಮಾದರಿಗಳಿಂದ, ಅಂದರೆ ಕಡಲನ್ನು ಲೆಕ್ಕದಲ್ಲಿ ಅನುಕರಿಸಿ, ಹೇಳುತ್ತಾರೆ. ಆದರೆ ಆಗ ಅದನ್ನು ಯಾರೂ ಅಳೆದಿಲ್ಲ. ಮಾದರಿಯಲ್ಲಿ ಎರಡು ನಂಬರ್ ಬದಲಾಯಿಸಿದರೆ ಬೇಕಾದ ಉತ್ತರ ಬರುತ್ತದೆ ಅಲ್ವಾ? ಇದನ್ನು ನಂಬುವುದು ಹೇಗೆ? – ಓದುಗರು, ಸುರತ್ಕಲ್

ಉತ್ತರ: ನೀವು ಕೇಳಬೇಕಾದ್ದನ್ನೇ ಕೇಳಿದ್ದೀರಿ. ಕಡಲ ವಿಜ್ಞಾನದ ಕೆಲಸದಲ್ಲಿದ್ದಷ್ಟು ವರ್ಷ ನನ್ನನ್ನು ಹಿಡಿದಿಟ್ಟ ಪ್ರಶ್ನೆಯೂ ಇದೇ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಹರಿವಿನ ವಿಷಯ. ಅಟ್ಲಾಂಟಿಕ್‌ನಲ್ಲಿ ಬೆಚ್ಚಗಿನ ಉಪ್ಪು ನೀರು ಉತ್ತರಕ್ಕೆ ಹೋಗುತ್ತದೆ. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಸುತ್ತಮುತ್ತ ಅದು ತಣಿದು, ಭಾರವಾಗಿ, ಮುಳುಗುತ್ತದೆ. ಆಮೇಲೆ ಆಳದಲ್ಲಿ ದಕ್ಷಿಣಕ್ಕೆ ಮರಳುತ್ತದೆ. 2004ರಿಂದ 26.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಉಪಕರಣಗಳನ್ನು ಇಳಿಬಿಟ್ಟು ಇದನ್ನು ಅಳೆಯುತ್ತಿದ್ದಾರೆ. ಸರಾಸರಿ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 1.7 ಕೋಟಿ ಘನ ಮೀಟರ್ ನೀರು. ಲೋಕದ ಎಲ್ಲ ನದಿಗಳನ್ನು ಸೇರಿಸಿದರೂ ಅದರ ಹತ್ತರಲ್ಲೊಂದು ಪಾಲಿನಷ್ಟು ಆಗುವುದಿಲ್ಲ.

ಈ ಹರಿವು ನಿಲ್ಲಬಹುದು ಎಂದು ಮೊದಲು ತೋರಿಸಿದ ಮಾದರಿಗೆ ಕಂಪ್ಯೂಟರ್ ಕೂಡ ಬೇಕಿರಲಿಲ್ಲ. 1961ರಲ್ಲಿ ಅಮೆರಿಕದ ಕಡಲ ವಿಜ್ಞಾನಿ ಹೆನ್ರಿ ಸ್ಟೊಮೆಲ್ ಎರಡು ತೊಟ್ಟಿಗಳನ್ನು ಕಲ್ಪಿಸಿಕೊಂಡರು. ಒಂದರಲ್ಲಿ ಬೆಚ್ಚಗಿನ ಉಪ್ಪು ನೀರು, ಇನ್ನೊಂದರಲ್ಲಿ ತಣ್ಣಗಿನ, ಉಪ್ಪು ಕಡಿಮೆ ಇರುವ ನೀರು. ಹರಿವೇ ಉತ್ತರಕ್ಕೆ ಉಪ್ಪನ್ನು ತಂದುಕೊಡುತ್ತದೆ. ಅಲ್ಲಿ ಸಿಹಿನೀರು ಜಾಸ್ತಿಯಾಗಿ ಹರಿವು ನಿಧಾನವಾದರೆ ಬರುವ ಉಪ್ಪೂ ಕಡಿಮೆ. ಉಪ್ಪು ಕಡಿಮೆಯಾದರೆ ಹರಿವು ಇನ್ನೂ ನಿಧಾನ. ಅದೇ ಬಿಸಿಲು, ಅದೇ ಮಳೆ ಇದ್ದರೂ ಕಡಲು ಎರಡು ಬೇರೆ ಸ್ಥಿತಿಗಳಲ್ಲಿ ನೆಲೆಸಬಹುದು ಎಂಬುದು ಕಾಗದದ ಮೇಲೇ ಕಂಡಿತು. 1988ರಲ್ಲಿ ಹವಾಮಾನ ವಿಜ್ಞಾನಿಗಳಾದ ಮನಾಬೆ ಮತ್ತು ಸ್ಟೌಫರ್ ಕಡಲು, ವಾತಾವರಣ ಎರಡೂ ಇರುವ ದೊಡ್ಡ ಮಾದರಿಯಲ್ಲಿ ಇಂಥದೇ ಎರಡು ಸ್ಥಿತಿ ಕಂಡರು. ಸ್ಯುಕುರೊ ಮನಾಬೆ ಅವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆ ಸುದ್ದಿ ಕೇಳಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಈಗ ನಿಮ್ಮ ಅನುಮಾನಕ್ಕೆ ಬರೋಣ. ನಂಬರ್ ಬದಲಾಯಿಸುತ್ತಾರಾ? ಹೌದು. ಹಳೆಯ ಹವಾಮಾನಕ್ಕೆ ಬಳಸುವ ಮಾದರಿಗಳಲ್ಲಿ ಕಡಲನ್ನು ನೂರು ಕಿಲೋಮೀಟರ್ ಆಸುಪಾಸಿನ ಚೌಕಗಳಾಗಿ ಕತ್ತರಿಸಿರುತ್ತಾರೆ. ಹತ್ತಿಪ್ಪತ್ತು ಕಿಲೋಮೀಟರಿನ ಸುಳಿಗಳು ಅದರಲ್ಲಿ ಕಾಣುವುದೇ ಇಲ್ಲ. ಅವು ನೀರನ್ನು ಎಷ್ಟು ಕಲಸುತ್ತವೆ ಎಂಬುದನ್ನು ನಾವೇ ಒಂದು ಸಂಖ್ಯೆಯಾಗಿ ಕೊಡಬೇಕು. ಚೌಕ ಸಣ್ಣದು ಮಾಡೋಣ ಎಂದರೆ, ತಳದ ನೀರು ಒಂದು ನೆಲೆಗೆ ಬರಲು ಮಾದರಿಯನ್ನು ಸಾವಿರಾರು ವರ್ಷಗಳಷ್ಟು ಓಡಿಸಬೇಕು. ಅಷ್ಟು ಓಟ ಸೂಪರ್‌ಕಂಪ್ಯೂಟರಿಗೂ ಭಾರ.

ಆ ಸಂಖ್ಯೆಗಳನ್ನು ಹೊಂದಿಸುವುದು ಇಂದಿನ ಕಡಲಿಗೆ. ಹಾಗಾಗಿ ಇಂದಿನ ಕಡಲು ಸರಿಯಾಗಿ ಬಂತು ಎಂದು ನಾನು ಮಾದರಿಯನ್ನು ಮೆಚ್ಚುವುದಿಲ್ಲ. ಅದಕ್ಕೆ 21 ಸಾವಿರ ವರ್ಷಗಳ ಹಿಂದಿನ ಹಿಮಯುಗದ ಸ್ಥಿತಿಯನ್ನು ಕೊಟ್ಟು ನೋಡಬೇಕು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 190 ಭಾಗ. ಕಡಲಿನ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗೆ. ಆಗ ಮಲ್ಪೆ ಎದುರಿನ ನಮ್ಮ ಸೇಂಟ್ ಮೇರೀಸ್ ದ್ವೀಪ ಒಣನೆಲದ ಒಂದು ಗುಡ್ಡ, ತೀರ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕೆ. ಆ ಕಾಲದ ಹರಿವನ್ನು ಮಾದರಿ ಹೇಗೆ ತೋರಿಸುತ್ತದೆ ಎನ್ನುವುದು ನಿಜವಾದ ಪರೀಕ್ಷೆ.

ಪರೀಕ್ಷೆಯ ಉತ್ತರ ಇರುವುದು ಕೆಸರಿನಲ್ಲಿ. ನಡುಕಡಲಿನ ತಳದಲ್ಲಿ ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಕೆಸರು ಕೂರುತ್ತದೆ. ಹಡಗಿನಿಂದ ಉದ್ದನೆಯ ಕೊಳವೆ ಇಳಿಸಿ ಅದನ್ನು ಮೇಲೆ ತರುತ್ತಾರೆ. ಜರಡಿಯಲ್ಲಿ ತೊಳೆದರೆ ಫೊರಾಮಿನಿಫೆರಾ ಎಂಬ ಒಂದೇ ಜೀವಕೋಶದ ಜೀವಿಗಳ ಚಿಪ್ಪುಗಳು ಉಳಿಯುತ್ತವೆ, ಮರಳಿನ ಕಾಳಿನಷ್ಟು ದೊಡ್ಡವು. ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದ ತುದಿಯಿಂದ ಒಂದೊಂದನ್ನೇ ಹೆಕ್ಕಬೇಕು. ಕಣ್ಣು ಸೋಲುತ್ತದೆ, ಕತ್ತು ನೋಯುತ್ತದೆ. ಆದರೂ ನನಗೆ ಅದರಷ್ಟು ಇಷ್ಟದ ಕೆಲಸ ಬೇರೆ ಇರಲಿಲ್ಲ. ಒಂದೇ ಪದರದಲ್ಲಿ ಮೇಲೆ ತೇಲಿದ್ದ ಜೀವಿಯ ಚಿಪ್ಪೂ ಸಿಗುತ್ತದೆ, ತಳದಲ್ಲಿ ಬದುಕಿದ್ದರದ್ದೂ ಸಿಗುತ್ತದೆ. ಕಾರ್ಬನ್-14 ಎಂಬ ವಿಕಿರಣಶೀಲ ಕಾರ್ಬನ್ ಗಾಳಿಯಿಂದ ನೀರಿಗೆ ಸೇರಿ, ಕಾಲ ಕಳೆದಂತೆ ಕಡಿಮೆಯಾಗುತ್ತಾ ಹೋಗುತ್ತದೆ. ಎರಡೂ ಚಿಪ್ಪಿನ ಕಾರ್ಬನ್-14 ವಯಸ್ಸು ಲೆಕ್ಕ ಹಾಕಿ ವ್ಯತ್ಯಾಸ ನೋಡಿದರೆ, ತಳದ ನೀರು ಗಾಳಿಯ ಸಂಪರ್ಕ ಬಿಟ್ಟು ಎಷ್ಟು ಕಾಲವಾಗಿತ್ತು ಎಂದು ತಿಳಿಯುತ್ತದೆ.

ಇನ್ನೊಂದು ದಾರಿಯೂ ಇದೆ. ಕಡಲ ನೀರಿನಲ್ಲಿರುವ ಯುರೇನಿಯಂನಿಂದ ಥೋರಿಯಂ ಮತ್ತು ಪ್ರೊಟ್ಯಾಕ್ಟಿನಿಯಂ ಎಂಬ ವಿಕಿರಣಶೀಲ ಧಾತುಗಳು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಹುಟ್ಟುತ್ತವೆ. ಥೋರಿಯಂ ಬೇಗ ತಳ ಸೇರುತ್ತದೆ. ಪ್ರೊಟ್ಯಾಕ್ಟಿನಿಯಂ ನೀರಿನಲ್ಲೇ ಹೆಚ್ಚು ಕಾಲ ಉಳಿದು, ಹರಿವಿನ ಜೊತೆ ದೂರ ಹೋಗುತ್ತದೆ. ಹರಿವು ನಿಂತರೆ ಅದೂ ಅಲ್ಲೇ ಕೂರುತ್ತದೆ. ಬರ್ಮುಡಾ ಬಳಿಯ ಕೆಸರಿನಲ್ಲಿ ಇವೆರಡರ ಅನುಪಾತ ಅಳೆದ ಅಧ್ಯಯನ 2004ರಲ್ಲಿ ಬಂತು. ಸುಮಾರು 17 ಸಾವಿರ ವರ್ಷಗಳ ಹಿಂದೆ ಹರಿವು ಹೆಚ್ಚುಕಡಿಮೆ ನಿಂತೇ ಹೋಗಿತ್ತು ಎಂದು ಅದು ತೋರಿಸಿತು.

ಮಾದರಿಗಳು ಪರೀಕ್ಷೆಯಲ್ಲಿ ಗೆದ್ದವಾ? ಪೂರ್ತಿ ಇಲ್ಲ. ಹಿಮಯುಗದ ಹರಿವು ಈಗಿಗಿಂತ ಜೋರಾಗಿಯೂ ಆಳವಾಗಿಯೂ ಇತ್ತು ಎಂದು ಹಲವು ಮಾದರಿಗಳು ಹೇಳಿದವು. ಕೆಸರಿನ ಪುರಾವೆಯ ಪ್ರಕಾರ ಅದು ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ, ಕೆಳಗೆಲ್ಲ ದಕ್ಷಿಣದ ನೀರು ತುಂಬಿತ್ತು. ಈ ವ್ಯತ್ಯಾಸವನ್ನು ಮುಚ್ಚಿಡದೆ ಪ್ರಕಟಿಸುತ್ತಾರೆ, ಅದಕ್ಕೇ ನನಗೆ ಈ ವಿಜ್ಞಾನದ ಮೇಲೆ ಗೌರವ. ಅಮೆರಿಕದ ವಿಜ್ಞಾನಿಗಳು ಟ್ರೇಸ್-21ಕೆ ಎಂಬ ಓಟದಲ್ಲಿ ಹಿಮಯುಗದಿಂದ ಇಂದಿನವರೆಗೆ ಒಂದೇ ಸಮನೆ ಮಾದರಿ ಓಡಿಸಿದರು. ಅದರಲ್ಲಿ ಹರಿವು ಹಿಂದೆ ನಿಂತಂತೆಯೇ ನಿಲ್ಲುತ್ತದೆ. ಆದರೆ ಉತ್ತರಕ್ಕೆ ಯಾವಾಗ, ಎಷ್ಟು ಸಿಹಿನೀರು ಸುರಿಯಬೇಕು ಎಂದು ಆರಿಸಿದ್ದು ಮನುಷ್ಯರೇ. ಅದನ್ನು ಸುಮ್ನೆ ‘ಕಂಪ್ಯೂಟರ್ ಸಾಬೀತು ಮಾಡಿತು’ ಎಂದು ಬರೆಯುವುದು ತಪ್ಪು. ಹರಿವು ನಿಂತರೆ ಗ್ರೀನ್‌ಲ್ಯಾಂಡಿನ ಚಳಿ, ಉಷ್ಣವಲಯದ ಮಳೆ ಹೇಗೆ ಬದಲಾಗುತ್ತವೆ ಎಂಬ ಭಾಗವನ್ನು ನಾನು ನಂಬುತ್ತೇನೆ. ಅದು ಬೇರೆ ಬೇರೆ ಕಡೆಯ ಪುರಾವೆಗೆ ಹೊಂದುತ್ತದೆ.

ಪ್ರಶ್ನೆ: ಅಟ್ಲಾಂಟಿಕ್‌ನ ಹರಿವು ನಿಂತರೆ ನಮ್ಮ ಮಳೆಗಾಲಕ್ಕೇನು? – ಅಡಿಕೆ ಕೃಷಿಕರು, ಕಾರ್ಕಳ

ಉತ್ತರ: ಹಿಂದೆ ಹೀಗಾದಾಗ ನಮ್ಮ ಮಳೆಗಾಲ ಸೊರಗಿತ್ತು. ಸುಮಾರು 12,900ರಿಂದ 11,700 ವರ್ಷಗಳ ಹಿಂದೆ ಉತ್ತರ ಅಟ್ಲಾಂಟಿಕ್ ಸುತ್ತ ಮತ್ತೆ ಚಳಿ ಮರುಕಳಿಸಿತು, ಹರಿವು ಕುಗ್ಗಿತ್ತು. ಅದೇ ಕಾಲದ ಅರಬ್ಬಿ ಸಮುದ್ರದ ಕೆಸರಿನಲ್ಲಿ ಮುಂಗಾರು ದುರ್ಬಲವಾಗಿದ್ದ ಗುರುತುಗಳಿವೆ. ಉತ್ತರ ತಣ್ಣಗಾದರೆ ಮಳೆಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ.

ಮುಂದೇನು? ಈ ಶತಮಾನದಲ್ಲಿ ಹರಿವು ಕುಗ್ಗುವ ಸಾಧ್ಯತೆ ಬಹಳ ಹೆಚ್ಚು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿ ಹೇಳಿದೆ. 2100ರ ಒಳಗೆ ಥಟ್ಟನೆ ಕುಸಿಯಲಾರದು ಎಂದೂ ಹೇಳಿದೆ, ಆದರೆ ಆ ಮಾತಿಗೆ ಕೊಟ್ಟ ಭರವಸೆ ‘ಮಧ್ಯಮ’ ಮಟ್ಟದ್ದು. ತೋಟ ಮಾಡುವವರು ನಾಳೆಯೇ ಗಾಬರಿ ಬೀಳಬೇಕಿಲ್ಲ. ಆದರೆ ನಿಮ್ಮ ಮಕ್ಕಳು ಈಗ ನೆಡುವ ಸಸಿ ಫಸಲು ಕೊಡುವ ವರ್ಷಗಳಿಗೆ ‘ಮಧ್ಯಮ’ ಎಂಬ ಭರವಸೆ ಸಾಲದು ಎಂದೇ ನನ್ನ ಅಭಿಪ್ರಾಯ.