ಆರು ವರ್ಷದ ಕಣ್ಣಿಗೆ ಲೇಸರ್ ಬೇಕೆ?

ರೋಣ ತಾಲ್ಲೂಕಿನ ಓದುಗರೊಬ್ಬರು ಕೇಳಿದ್ದಾರೆ: ಆರು ವರ್ಷದ ಮಗಳ ಬಲಗಣ್ಣು ಚೊಕ್ಕ ಇದೆ, ಎಡಗಣ್ಣಿಗೆ ಮೈನಸ್ ಆರು ನಂಬರು. ಶಾಲೆಯ ತಪಾಸಣೆಯಲ್ಲಿ ಗೊತ್ತಾಯಿತು. ಡಾಕ್ಟರು ಚಾಳೀಸು, ಪಟ್ಟಿ ಅಂದರು. 'ಹೆಣ್ಣುಮಗು, ಹುಬ್ಬಳ್ಳಿಗೆ ಹೋಗಿ ಲೇಸರ್ ಮಾಡಿಸಿದರೆ ಒಂದೇ ಸಲಕ್ಕೆ ಮುಗಿಯುವುದಿಲ್ಲವೇ?'

ಮುಗಿಯುವುದಿಲ್ಲ. ಲೇಸರ್ ತಿದ್ದುವುದು ಕಣ್ಣಿನ ಮುಂಭಾಗದ ಕಾರ್ನಿಯಾದ ಆಕಾರವನ್ನು. ನಿಮ್ಮ ಮಗಳ ತೊಂದರೆ ಅಷ್ಟಕ್ಕೇ ನಿಂತಿರಲಾರದು. ಒಂದು ಕಣ್ಣು ಸ್ಪಷ್ಟ ಚಿತ್ರ, ಇನ್ನೊಂದು ಮಸುಕು ಚಿತ್ರ ಕಳಿಸುತ್ತಿದ್ದರೆ ಮಿದುಳು ಮಸುಕಾದದ್ದನ್ನು ಬದಿಗೆ ಸರಿಸಿಬಿಡುತ್ತದೆ. ಆ ಕಣ್ಣಿನಿಂದ ನೋಡುವುದನ್ನು ಅದು ಕಲಿಯುವುದೇ ಇಲ್ಲ. ಸೋಮಾರಿ ಕಣ್ಣು ಅನ್ನುವುದು ಇದನ್ನೇ. ಬಲಗಣ್ಣಿನಿಂದ ಎಲ್ಲ ಕಾಣುತ್ತಿದ್ದ ಕಾರಣ ಮಗು ದೂರಲಿಲ್ಲ, ನಿಮಗೂ ತಿಳಿಯಲಿಲ್ಲ. ಚೆನ್ನಾಗಿರುವ ಕಣ್ಣನ್ನು ಪಟ್ಟಿಯಿಂದ ಮುಚ್ಚಿ, ಸೋಮಾರಿ ಕಣ್ಣಿನಿಂದಲೇ ನೋಡುವುದನ್ನು ಮಿದುಳಿಗೆ ಕಲಿಸಬೇಕು; ಲೇಸರ್ ಮಾಡಿಸಿದರೂ ಈ ಪಟ್ಟಿ ತಪ್ಪದು.

ಅಲ್ಲದೆ ಕಣ್ಣು ಇನ್ನೂ ಬೆಳೆಯುತ್ತಿದೆ. ಇಂದು ಇಳಿಸಿದ ನಂಬರು ಮತ್ತೆ ಏರಬಹುದು. 18 ತುಂಬಿ, ನಂಬರು ನಿಂತ ಮೇಲೆಯೇ ಲೇಸರ್ ಅನ್ನುವುದು ಅದಕ್ಕೇ. ಚಾಳೀಸು, ಲೆನ್ಸು ಯಾವುದನ್ನೂ ಸಹಿಸದ ಕೆಲವು ಮಕ್ಕಳಿಗೆ, ಮುಖ್ಯವಾಗಿ ಆಟಿಸಂನಂಥ ತೊಂದರೆ ಇರುವವರಿಗೆ, ಅರಿವಳಿಕೆ ಕೊಟ್ಟು ಮಾಡುವುದುಂಟು. ನಿಮ್ಮ ಮಗಳು ಇನ್ನೂ ಚಾಳೀಸು ಹಾಕಿಯೇ ನೋಡಿಲ್ಲ.

ಪಟ್ಟಿಯ ವಿಷಯ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಏಳರೊಳಗಿನ ಮಕ್ಕಳ ಮಧ್ಯಮ ಪ್ರಮಾಣದ ಸೋಮಾರಿ ಕಣ್ಣಿಗೆ ದಿನಕ್ಕೆ 2 ಗಂಟೆಯ ಪಟ್ಟಿ 6 ಗಂಟೆಯಷ್ಟೇ ಫಲ ಕೊಟ್ಟಿತು. ನಿಮ್ಮ ಮಗಳಿಗೆ ಎಷ್ಟು ಹೊತ್ತು ಎಂಬುದನ್ನು ಡಾಕ್ಟರೇ ಹೇಳಬೇಕು. ಪಟ್ಟಿಯನ್ನು ಗಾಜಿಗಲ್ಲ, ಬಲಗಣ್ಣಿನ ಸುತ್ತ ಚರ್ಮಕ್ಕೇ ಅಂಟಿಸಿ, ಮೇಲೆ ಚಾಳೀಸು ಹಾಕಿ. ಸಂದಿ ಸಿಕ್ಕರೆ ಮಕ್ಕಳು ಇಣುಕದೆ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಚಿತ್ರ ಬರೆಯುವುದೋ, ಅಕ್ಕಿ ಆರಿಸುವುದೋ, ಹತ್ತಿರದ ಕೆಲಸ ಕೊಡಿ. ಮೊದಲ ವಾರಗಳಲ್ಲಿ ಅಳು, ಜಗಳ ಖಂಡಿತ. ಪಟ್ಟಿಗೆ ಒಗ್ಗದಿದ್ದರೆ ಬಲಗಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಮಸುಕು ಮಾಡುವ ಕ್ರಮ ಇದೆ; ಆದರೆ ಮೈನಸ್ ಆರರಷ್ಟು ಅಂತರಕ್ಕೆ ಅದು ಹೊಂದುತ್ತದೆಯೇ ಕೇಳಿ. ಎರಡು ಗಾಜಿನ ನಂಬರಿನ ಅಂತರದಿಂದ ಚಿತ್ರಗಳು ಚಿಕ್ಕದು ದೊಡ್ಡದು ಕಂಡರೆ ಕಾಂಟ್ಯಾಕ್ಟ್ ಲೆನ್ಸ್ ಅನುಕೂಲ. ಗದಗ ಸೀಮೆಯ ಗಾಳಿ ಧೂಳಿನಲ್ಲಿ ಅದರ ಸ್ವಚ್ಛತೆ ನಿಮ್ಮ ಹೊಣೆ.

'ಹೆಣ್ಣುಮಗು' ಅಂದಿರಲ್ಲ, ಅದಕ್ಕೂ ಒಂದು ಮಾತು. ಮದುವೆಗೆ ಇನ್ನೂ ಹದಿನೈದಿಪ್ಪತ್ತು ವರ್ಷ ಇದೆ, ಕಣ್ಣು ಕಲಿಯುವುದಕ್ಕೆ ಅಷ್ಟು ಪುರುಸೊತ್ತಿಲ್ಲ. ಏಳೆಂಟರ ನಂತರವೂ ಸುಧಾರಣೆ ಆಗುತ್ತದೆ, ಆದರೆ ನಿಧಾನ, ಕಡಿಮೆ.

ಗಾಜು ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟಿನದೇ ಇರಲಿ. ಸದ್ಯ ಚೆನ್ನಾಗಿರುವುದು ಒಂದೇ ಕಣ್ಣು, ಅದಕ್ಕೆ ಪೆಟ್ಟು ಬೀಳಬಾರದು. ತಮ್ಮ ತಂಗಿಯರಿದ್ದರೆ ಅವರನ್ನೂ ಇದೇ ಸಲ ತೋರಿಸಿಕೊಂಡು ಬನ್ನಿ.

– ಸಂ.