ಓಓದಮ್ ಜನ ಗಿಡ, ಪ್ರಾಣಿಗಳನ್ನ ಯಾವುದಕ್ಕೆಲ್ಲ ಬಳಸ್ತಿದ್ರು?

ಇವರು ಅಮೆರಿಕದ ದಕ್ಷಿಣ ಅರಿಜೋನಾ ಮತ್ತೆ ಮೆಕ್ಸಿಕೋದ ಸೊನೋರಾ ಮರುಭೂಮಿಯ ಮೂಲನಿವಾಸಿಗಳು. ಇವರ ವಿಷಯ ಬಂದ್ರೆ ಮೊದಲು ಹೇಳ್ಬೇಕಾದ್ದು ಸವಾರೊ ಕಳ್ಳಿ. ಜೂನ್ ಕೊನೆ ಹೊತ್ತಿಗೆ ಅದು ಹಣ್ಣಾಗುತ್ತೆ, ಗಿಡ ಮೂವತ್ತು ನಲವತ್ತು ಅಡಿ ಎತ್ತರ ಇರೋದ್ರಿಂದ ಒಣಗಿದ ಸವಾರೊದ್ದೇ ಕಡ್ಡಿಗಳನ್ನ ಕಟ್ಟಿ ಉದ್ದನೆ ದೋಟಿ ಮಾಡ್ಕೊಂಡು ಹಣ್ಣು ಕೆಡವ್ತಾರೆ, ತಿರುಳು ಕುದಿಸಿ ಪಾಕ ತೆಗೀತಾರೆ, ಬೀಜ ಪುಡಿ ಮಾಡಿ ತಿಂತಾರೆ, ಆ ಪಾಕದಲ್ಲೇ ಸ್ವಲ್ಪ ಹುಳಿಬರಿಸಿ ಮದ್ಯ ಮಾಡಿ ಮಳೆ ಕರೆಯೋ ಆಚರಣೆಲಿ ಎಲ್ರೂ ಕುಡೀತಾರೆ. ಅವರ ಹೊಸವರ್ಷ ಶುರುವಾಗೋದೂ ಈ ಸುಗ್ಗಿಗೇ!

ಮೆಸ್ಕೀಟ್ ಮರದ ಸಿಹಿ ಕಾಯಿನ ಕುಟ್ಟಿ ಹಿಟ್ಟು ಮಾಡ್ತಿದ್ರು (ನಮ್ಮ ಕಡೆ ರೈತರು ಶಾಪ ಹಾಕೋ ಬಳ್ಳಾರಿ ಜಾಲಿ ಇದರ ಸಂಬಂಧಿನೇ). ಚೋಯಾ ಕಳ್ಳಿ ಮೊಗ್ಗನ್ನ ಮುಳ್ಳು ತೆಗೆದು ಗುಂಡಿಲಿ ಸುಟ್ಟು ಒಣಗಿಸಿ ಇಡ್ತಿದ್ರು. ಟೆಪರಿ ಅನ್ನೋ ಬೀನ್ಸ್ ಮುಂಗಾರು ನೀರಲ್ಲೇ ಬೆಳೆಯುತ್ತೆ, ನಿಧಾನಕ್ಕೆ ಜೀರ್ಣ ಆಗೋದ್ರಿಂದ ರಕ್ತದಲ್ಲಿ ಸಕ್ಕರೆ ಒಂದೇ ಸಲ ಏರಲ್ಲ. ಹಳೇ ಊಟ ಬಿಟ್ಮೇಲೆ ಇವರಲ್ಲಿ ಸಕ್ಕರೆ ಕಾಯಿಲೆ ವಿಪರೀತ ಹೆಚ್ಚಾಯ್ತು, ಹಾಗಾಗಿ ಈಗ ಟೆಪರಿನ ಮತ್ತೆ ಬೆಳೀತಿದ್ದಾರೆ. ಬುಟ್ಟಿ ಹೆಣೆಯೋಕೆ ಯುಕ್ಕಾ ಎಲೆ, ಕಪ್ಪು ಡಿಸೈನ್‌ಗೆ ಡೆವಿಲ್ಸ್ ಕ್ಲಾ ಗಿಡದ ಕಾಯಿಯ ನಾರು. ನೆಗಡಿ, ಮೈಕೈ ನೋವಿಗೆ ಕ್ರಿಯೊಸೋಟ್ ಪೊದೆ ಸೊಪ್ಪು.

ಪ್ರಾಣಿಗಳಲ್ಲಿ ಜಿಂಕೆ, ಮೊಲ ಮಾಂಸಕ್ಕೆ, ಜಿಂಕೆ ಚರ್ಮನೂ ಬಳಸ್ತಿದ್ರು. ಆದ್ರೆ ನನಗೆ ಇಂಟರೆಸ್ಟಿಂಗ್ ಅನ್ಸಿದ್ದು ಬೇರೆ: ಜಿಂಕೆ, ಕಯೋಟಿ (ತೋಳದ ಜಾತಿಯ ಪ್ರಾಣಿ), ಬುಡುಬುಡಿಕೆ ಹಾವು ಥರದ ಜೀವಿಗಳಿಗೆ ಅಗೌರವ ತೋರಿಸಿದ್ರೆ ಕಾಯಿಲೆ ಬರುತ್ತೆ ಅಂತ ನಂಬಿಕೆ, ಯಾವ ಪ್ರಾಣಿಯಿಂದ ಬಂತು ಅಂತ ವೈದ್ಯ ಪತ್ತೆ ಹಚ್ಚಿದ್ಮೇಲೆ ಆ ಪ್ರಾಣಿಯ ಹಾಡು ಹಾಡಿ ವಾಸಿ ಮಾಡ್ತಾರೆ.