ಬಾಂಬು ಬೀಳುವುದು ಎಲ್ಲಿ, ಕಲ್ಲಿದ್ದಲು ನಿಲ್ಲುವುದು ಎಲ್ಲಿ?

ಪ್ರಶ್ನೆ: ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಕಬ್ಬಿಣ ಕರಗಿಸುವ ಕ್ಯೂಪೋಲಾ ಕುಲುಮೆಗೆ ಹಾರ್ಡ್ ಕೋಕ್ (ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ಮಾಡಿದ ಗಟ್ಟಿ ಉರುವಲು) ಇಲ್ಲದೆ ಕೆಲಸ ನಡೆಯದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಕೋಕ್ ದರ ಏರಿತು. ಯಾಕೆಂದು ಕೇಳಿದ್ದಕ್ಕೆ ವ್ಯಾಪಾರಿಯವರು, "ಅಲ್ಲಿ ಗಣಿ ಮ್ಯಾಲೆ ಬಾಂಬ್ ಬೀಳಾಕತ್ತಾವ್ರಿ" ಎಂದರು. ಬಾಂಬು ಬಿದ್ದರೆ ನೆಲದಡಿಯ ಕಲ್ಲಿದ್ದಲಿಗೆ ಏನಾಗುತ್ತದೆ? ಒಂದು ದೇಶದ ರಫ್ತು ಅಷ್ಟರಿಂದಲೇ ನಿಂತುಹೋಗುತ್ತದೆಯೆ?
— ಒಬ್ಬ ಓದುಗರು, ಬೆಳಗಾವಿ

ಉತ್ತರ: ನೂರಾರು ಮೀಟರು ಆಳದಲ್ಲಿರುವ ಕಲ್ಲಿದ್ದಲ ಪದರಕ್ಕೆ ವಿಮಾನದಿಂದ ಬೀಳುವ ಬಾಂಬು ಏನೂ ಮಾಡಲಾರದು. ಅದು ಕೆಡಿಸುವುದು ಕಲ್ಲಿದ್ದಲನ್ನಲ್ಲ, ಕಲ್ಲಿದ್ದಲು ಹೋಗುವ ದಾರಿಯನ್ನು. ಕಬ್ಬಿನ ಹಂಗಾಮಿನಲ್ಲಿ ಮುಧೋಳದ ಕಡೆ ಹೋದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಹೊಲದಲ್ಲಿ ಬೆಳೆ ಎಷ್ಟೇ ಸೊಗಸಾಗಿ ನಿಂತಿರಲಿ, ಕಾರ್ಖಾನೆಯ ತೂಕದ ಕಾಟಾ ಅರ್ಧ ದಿನ ಕೆಟ್ಟರೆ ಸಾಕು, ಟ್ರ್ಯಾಕ್ಟರುಗಳ ಸಾಲು ಮೈಲಿಗಟ್ಟಲೆ ಬೆಳೆಯುತ್ತದೆ, ಕಡಿದ ಕಬ್ಬು ಬಿಸಿಲಿಗೆ ಒಣಗುತ್ತದೆ. ಕಲ್ಲಿದ್ದಲೂ ಹಾಗೆಯೇ ಭಾರ ಹೆಚ್ಚು, ಬೆಲೆ ಕಡಿಮೆ ಇರುವ ಸರಕು. ವ್ಯಾಗನ್, ಕಾಲುವೆ, ಹಡಗು ಇವುಗಳಲ್ಲಿ ಒಂದು ತಪ್ಪಿದರೂ ಅದು ಗಣಿಯ ಬಾಯಲ್ಲೇ ರಾಶಿ ಬೀಳುತ್ತದೆ, ಬಹುಕಾಲ ರಾಶಿಯಾಗಿಯೇ ಉಳಿದರೆ ಒಳಗೊಳಗೇ ಕಾದು ತಾನಾಗಿ ಹೊತ್ತಿಕೊಳ್ಳುವ ಅಪಾಯವೂ ಇದೆ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಕಲ್ಲಿದ್ದಲ ಗಣಿಗಳ ಸೀಮೆಯಾದ ರೂರ್ ಪ್ರದೇಶಕ್ಕೆ ಆದದ್ದು ಇದೇ. 1940ರ ಮಾರ್ಚಿನಲ್ಲಿ, ರಾಟರ್‌ಡ್ಯಾಮ್ ಬಂದರಿನಿಂದ ಇಟಲಿಗೆ ಸಮುದ್ರದ ಮೂಲಕ ಹೋಗುತ್ತಿದ್ದ ಜರ್ಮನ್ ಕಲ್ಲಿದ್ದಲನ್ನು ಬ್ರಿಟನ್ನಿನ ನೌಕಾಪಡೆ ತಡೆಯಿತು. ಆಗ ಜರ್ಮನಿ ತಿಂಗಳಿಗೆ ಸುಮಾರು 10 ಲಕ್ಷ ಟನ್ ಲೆಕ್ಕದಲ್ಲಿ ಆಲ್ಪ್ಸ್ ಪರ್ವತಗಳನ್ನು ದಾಟಿಸಿ ರೈಲಿನಲ್ಲೇ ಕಳುಹಿಸಲು ಒಪ್ಪಿಕೊಂಡಿತು. ಹಡಗಿನ ಹೊರೆಯೆಲ್ಲ ಹೀಗೆ ಬ್ರೆನ್ನರ್ ಕಣಿವೆಯಂತಹ ಇಕ್ಕಟ್ಟಾದ ಹಳಿಗಳ ಮೇಲೆ ಬಿತ್ತು. ಆ ಬ್ರೆನ್ನರ್ ಮಾರ್ಗದ ಮೇಲೆಯೇ 1944ರ ಕೊನೆಯಿಂದ ಮಿತ್ರರಾಷ್ಟ್ರಗಳ ವಿಮಾನಗಳು ಮತ್ತೆ ಮತ್ತೆ ಎರಗಿದವು. ಅದೇ ವರ್ಷದ ಸೆಪ್ಟೆಂಬರ್ 23ರ ರಾತ್ರಿ ಲಾಡ್‌ಬೆರ್ಗೆನ್ ಎಂಬಲ್ಲಿ, ರೂರ್‌ನ ಸರಕು ಸಾಗುತ್ತಿದ್ದ ಡಾರ್ಟ್‌ಮಂಡ್–ಎಮ್ಸ್ ಕಾಲುವೆಯ ಏರಿಯನ್ನು ಟಾಲ್‌ಬಾಯ್ ಎಂಬ ಭಾರಿ ಬಾಂಬುಗಳಿಂದ ಒಡೆದಾಗ ಮೈಲಿಗಟ್ಟಲೆ ಕಾಲುವೆಯ ನೀರು ಹರಿದುಹೋಗಿ ದೋಣಿಗಳು ಕೆಸರಿನ ಮೇಲೆ ಕುಳಿತವು. ಏರಿ ಕಟ್ಟಿದಷ್ಟು ಸಲವೂ ಒಡೆದರು. ಗಣಿಗಳು ದುಡಿಯುತ್ತಲೇ ಇದ್ದವು, ಬಾಯಲ್ಲಿ ರಾಶಿ ಏರುತ್ತಲೇ ಇತ್ತು, ಆದರೆ ದಕ್ಷಿಣ ಜರ್ಮನಿಯ ಕಾರ್ಖಾನೆಗಳಿಗೂ ರೈಲುಗಳಿಗೂ ಉರುವಲು ಸಿಗದಾಯಿತು. ತನ್ನ ಮನೆಯ ಒಲೆಯೇ ಆರಿದವನು ನೆರೆಮನೆಗೆ ಕೆಂಡ ಕೊಟ್ಟಾನೆಯೆ?

ಗಣಿಗೆ ನೇರವಾಗಿ ತಟ್ಟುವ ಪೆಟ್ಟು ಒಂದಿದೆ, ಅದು ವಿದ್ಯುತ್ತಿನದು. ಆಳದ ಗಣಿಗಳಲ್ಲಿ ಹಗಲಿರುಳು ಪಂಪು ಓಡಿಸಿ ನೀರು ಎತ್ತುತ್ತಿರಬೇಕಾಗುತ್ತದೆ. ವಿದ್ಯುತ್ ಉಪಕೇಂದ್ರಕ್ಕೆ ಶೆಲ್ ಬಿದ್ದು ಕರೆಂಟು ಹೋದರೆ ಗಾಳಿಯ ಫ್ಯಾನೂ ಪಂಪೂ ಒಟ್ಟಿಗೆ ನಿಂತು, ಗಣಿ ಕೆಲವೇ ದಿನಗಳಲ್ಲಿ ಬಾವಿಯಾಗುತ್ತದೆ. ಉಕ್ರೇನಿನ ಡಾನ್‌ಬಾಸ್ ಪ್ರದೇಶದಲ್ಲಿ 2014ರ ನಂತರ ಹಲವು ಗಣಿಗಳು ಹೀಗೆ ಮುಳುಗಿದವು. ಕಲ್ಲಿದ್ದಲಿಗೆ ಹೆಸರಾಗಿದ್ದ ಆ ದೇಶ ದಕ್ಷಿಣ ಆಫ್ರಿಕದಿಂದ ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲನ್ನು ತರಿಸಿಕೊಳ್ಳುವಂತಾಯಿತು. ಕೋಕ್ ಮಾಡಲು ಬೇಕಾದ ಕೋಕಿಂಗ್ ಕಲ್ಲಿದ್ದಲಿಗೆ ಅವರು ನೆಚ್ಚಿಕೊಂಡಿದ್ದ ಪೊಕ್ರೊವ್‌ಸ್ಕ್ ಗಣಿಯೂ ಯುದ್ಧ ಹತ್ತಿರ ಬಂದುದರಿಂದ 2025ರ ಜನವರಿಯಲ್ಲಿ ಕೆಲಸ ನಿಲ್ಲಿಸಿತು.

ಆದರೂ ರಫ್ತು ಕುಸಿದುದಕ್ಕೆಲ್ಲ ಬಾಂಬನ್ನೇ ದೂರುವುದು ಸರಿಯಲ್ಲ. 1913ರಲ್ಲಿ 7.3 ಕೋಟಿ ಟನ್ ಕಲ್ಲಿದ್ದಲನ್ನು ಹೊರದೇಶಗಳಿಗೆ ಮಾರುತ್ತಿದ್ದ ಬ್ರಿಟನ್, 1938ರ ಹೊತ್ತಿಗೇ ಸುಮಾರು 3.6 ಕೋಟಿ ಟನ್ನಿಗೆ ಇಳಿದಿತ್ತು. ವೇಲ್ಸಿನ ಸ್ವಾನ್ಸೀ ಬಂದರು ಪಟ್ಟಣದ ಮೇಲೆ 1941ರ ಫೆಬ್ರವರಿಯಲ್ಲಿ ಮೂರು ರಾತ್ರಿ ಎಡೆಬಿಡದೆ ಬಾಂಬು ಸುರಿದು ಊರಿನ ನಡುಭಾಗ ಬೂದಿಯಾದದ್ದು ನಿಜ. ಆದರೆ ವೇಲ್ಸಿನ ಕಲ್ಲಿದ್ದಲು ವ್ಯಾಪಾರದ ಬೆನ್ನು ಅದಕ್ಕೆ ಎಂಟು ತಿಂಗಳ ಮೊದಲೇ, 1940ರ ಜೂನಿನಲ್ಲಿ ಫ್ರಾನ್ಸ್ ಶರಣಾದಾಗಲೇ ಮುರಿದಿತ್ತು. ಅತಿ ದೊಡ್ಡ ಗಿರಾಕಿಯೇ ಕೈತಪ್ಪಿ ಗಣಿ ಕಾರ್ಮಿಕರು ಕೆಲಸವಿಲ್ಲದೆ ಕುಳಿತರು. ಎಷ್ಟೋ ಮಂದಿ ಸೈನ್ಯ ಸೇರಿದರು, ಇನ್ನೆಷ್ಟೋ ಮಂದಿ ಬೇರೆ ಕಾರ್ಖಾನೆಗಳಿಗೆ ಹೋದರು. ನಾಲ್ಕು ವರ್ಷ ಕಳೆಯುವುದರೊಳಗೆ, ದೇಶದೊಳಗಿನ ಅಗತ್ಯಕ್ಕೂ ಕಲ್ಲಿದ್ದಲು ಸಾಲದೆ, 1943ರ ಡಿಸೆಂಬರಿನಿಂದ ಸೈನ್ಯಕ್ಕೆ ಕರೆಬಂದ ಹುಡುಗರಲ್ಲೇ ಚೀಟಿ ಎತ್ತಿ ಹತ್ತರಲ್ಲಿ ಒಬ್ಬನನ್ನು ಗಣಿಗೆ ಇಳಿಸಬೇಕಾಯಿತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಹೆಚ್ಚು ಕಲಿಸುವ ಭಾಗ ಇದು: ರಫ್ತು ಸತ್ತದ್ದು ಗಿರಾಕಿ ಹೋದುದರಿಂದ, ಮತ್ತೆ ಏಳದಾದದ್ದು ಕೈಗಳು ಹೋದುದರಿಂದ.

ಇನ್ನು ನಿಮ್ಮ ಕೋಕ್ ವಿಷಯ. ನಮ್ಮ ದೇಶಕ್ಕೆ ಬರುವ ಕೋಕಿಂಗ್ ಕಲ್ಲಿದ್ದಲಿನಲ್ಲಿ ದೊಡ್ಡ ಪಾಲು ಆಸ್ಟ್ರೇಲಿಯದ್ದು. ಅಲ್ಲಿ ಯಾರೂ ಬಾಂಬು ಹಾಕಿರಲಿಲ್ಲ. ಆದರೂ 2022ರ ಮಾರ್ಚಿನಲ್ಲಿ ಅದರ ದರ ಟನ್ನಿಗೆ 600 ಡಾಲರ್ ದಾಟಿತು. ರಷ್ಯದ ಸರಕು ಕೈಬಿಟ್ಟೀತೆಂದು ಹೆದರಿದ ಕೊಳ್ಳುವವರೆಲ್ಲ ಅದೇ ಅಂಗಡಿಯ ಮುಂದೆ ಸಾಲು ನಿಂತದ್ದು ಅದಕ್ಕೆ ಮುಖ್ಯ ಕಾರಣ. ಐರೋಪ್ಯ ಒಕ್ಕೂಟ ರಷ್ಯದ ಕಲ್ಲಿದ್ದಲನ್ನು ನಿಷೇಧಿಸಿದ್ದು ಆಗಸ್ಟಿನಲ್ಲಿ, ಆದರೆ ಬೆಲೆ ಅಷ್ಟು ದಿನ ಕಾಯಲಿಲ್ಲ. ನಿಮ್ಮ ವ್ಯಾಪಾರಿಯವರು ಹೇಳಿದ್ದರಲ್ಲಿ ಯುದ್ಧ ಎಂಬುದು ನಿಜ, ಗಣಿ ಎಂಬುದು ಪೂರ್ತಿ ನಿಜವಲ್ಲ.

ಪ್ರಶ್ನೆ: ಯುದ್ಧದಲ್ಲಿ ಕಲ್ಲಿದ್ದಲು ಸಿಗದ ದೇಶಗಳು ಏನು ಸುಟ್ಟವು? ಶಾಂತಿ ಬಂದ ಮೇಲೆ ಹಳೆಯ ವ್ಯಾಪಾರ ಮರಳಿತೆ?
— ಒಬ್ಬ ಓದುಗರು, ಬಾಗಲಕೋಟೆ

ಉತ್ತರ: ಸ್ವೀಡನ್ನಿನವರು ಕಟ್ಟಿಗೆ ಉರಿಸಿದರು, ಅಲ್ಲಿ ಪೆಟ್ರೋಲೂ ಇಲ್ಲದ್ದರಿಂದ ಕಾರುಗಳಿಗೆ ಕಟ್ಟಿಗೆಯ ಅನಿಲದ ಒಲೆಗಳನ್ನು ಜೋಡಿಸಿ ಓಡಿಸಿದರು. ಬ್ರಿಟನ್ನಿನ ಕಲ್ಲಿದ್ದಲನ್ನೇ ನಂಬಿದ್ದ ಅರ್ಜೆಂಟೀನದಲ್ಲಿ ಆದದ್ದು ನಮ್ಮ ಕಡೆಯ ರೈತರ ಮನಸ್ಸಿಗೆ ಚುರುಕ್ಕೆನ್ನಿಸುವ ಸಂಗತಿ. ಅಲ್ಲಿ ಕಲ್ಲಿದ್ದಲು ಬರಲು ಹಡಗಿಲ್ಲ, ಬೆಳೆದ ಗೋವಿನಜೋಳ ಹೊರಗೆ ಹೋಗಲೂ ಹಡಗಿಲ್ಲ. ಕೊನೆಗೆ ಆ ಕಾಳನ್ನೇ ರೈಲಿನ ಎಂಜಿನುಗಳಿಗೂ ವಿದ್ಯುತ್ ಸ್ಥಾವರಗಳ ಬಾಯ್ಲರುಗಳಿಗೂ ಸುರಿದು ಉರಿಸಿದರು.

ವ್ಯಾಪಾರ ಹಿಂದಿನಂತೆ ಮರಳಲಿಲ್ಲ. ಯುದ್ಧ ಮುಗಿದ ಮೇಲೆ ಯುರೋಪಿನ ಒಲೆಗಳಿಗೆ ಅಮೆರಿಕದ ಕಲ್ಲಿದ್ದಲು ಅಟ್ಲಾಂಟಿಕ್ ದಾಟಿ ಬಂತು. 1947ರ ಚಳಿಗಾಲದಲ್ಲಿ ಬ್ರಿಟನ್ ತನ್ನ ಕಾರ್ಖಾನೆಗಳಿಗೇ ಕಲ್ಲಿದ್ದಲು ಸಾಲದೆ ವಿದ್ಯುತ್ ಕಡಿತ ಮಾಡಿತು. ಅಷ್ಟರಲ್ಲಿ ದೂರದ ಗಿರಾಕಿಗಳ ರೈಲುಗಳೂ ಹಡಗುಗಳೂ ಒಂದೊಂದಾಗಿ ತೈಲಕ್ಕೆ ತಿರುಗತೊಡಗಿದ್ದವು.